ನಡುಸೀಟಿನ ಪೆಟ್ಟಿಗೆ

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಸೆನ್ಸರ್ ಇರಲಿಲ್ಲ. ಬಿಳಿ ಬಟ್ಟೆಯ ನ್ಯಾಪ್ಕಿನ್‌ನಲ್ಲಿ ಸುತ್ತಿದ ಒಂದು ಚಮಚ, ಒಂದು ಫೋರ್ಕ್, ಒಂದು ಚಾಕು ಇದ್ದವು.

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ಕಾರು ಬಿಡಿಭಾಗಗಳ ಕಂಪನಿ. ಮೇಜಿನ ಸುತ್ತ ಇದ್ದ ಹನ್ನೆರಡು ಜನರ ಕಣ್ಣೂ ನಿಹಾಲ್ ಮೇಲೆ ಬಿತ್ತು. ಮ್ಯೂನಿಕ್‌ನಲ್ಲಿ ಹೊಸ ಬ್ರೇಕ್ ಸೆನ್ಸರನ್ನು ಆ ಪೆಟ್ಟಿಗೆಯಲ್ಲಿಟ್ಟವನು ಅವನೇ.

ಹತ್ತೂವರೆಗೆ ಅವನು ಮನೆಗೆ ಬಂದ. ಸೋದರತ್ತೆ ಅನುರಾಧಾ ಊರು ನೋಡಲು ಹೊರಟು ಶೂ ಕಟ್ಟುತ್ತಿದ್ದರು. ದಾವಣಗೆರೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಹೆಂಗಸು. ಹುಡುಗನ ಮುಖ ನೋಡಿಯೇ ಲೇಸ್ ಬಿಟ್ಟರು.

"ಏನಾಯ್ತೋ?"

"ತನಿಖೆ ಮುಗಿಯೋವರೆಗೂ ಆಫೀಸಿಗೆ ಬರಬೇಡ ಅಂದ್ರು ಅತ್ತೆ. ಕೆಲಸ ಹೋದ್ರೆ ಮೂರು ತಿಂಗಳಲ್ಲಿ ಬೇರೆ ಸಿಗಬೇಕು. ಇಲ್ದಿದ್ರೆ ಕೆಲಸದ ಪರ್ಮಿಟ್ ಇಲ್ಲ, ದೇಶ ಬಿಡಬೇಕು. ಕಳ್ಳ ಅನ್ನಿಸಿಕೊಂಡವನಿಗೆ ಯಾರು ಕೆಲಸ ಕೊಡ್ತಾರೆ?"

"ಕದ್ದಿದ್ದೀಯಾ?"

"ಅತ್ತೆ!"

"ಒಂದ್ಸಲ ಕೇಳಲೇಬೇಕಪ್ಪ. ಈಗ ಕೂತ್ಕೋ. ಮೊದಲಿಂದ ಹೇಳು."

ಶನಿವಾರದ ಆ ವಿಮಾನದಲ್ಲಿ ಅನುರಾಧಾ ಕೂಡ ಇದ್ದರು. ಮೀಟಿಂಗಿಗೆ ಮ್ಯೂನಿಕ್‌ಗೆ ಹೋಗಿದ್ದ ನಿಹಾಲ್, ಬೆಂಗಳೂರಿನಿಂದ ಅಲ್ಲಿಗೆ ಬಂದಿಳಿದ ಅತ್ತೆಯನ್ನು ಜೊತೆಗೆ ಕರೆತಂದಿದ್ದ. ಅವರಿಗೆ ಮೊಣಕಾಲು ನೋವೆಂದು ಬಿಸಿನೆಸ್ ಕ್ಲಾಸ್ ಟಿಕೆಟ್, ತನಗೆ ಹಿಂದೆ ಹದಿನಾಲ್ಕನೇ ಸಾಲು. ಅನುರಾಧಾ ಮಂಚದಂಥ ಸೀಟಿನ ಕನಸು ಕಂಡಿದ್ದರು. ಯುರೋಪಿನೊಳಗಿನ ಸಣ್ಣ ಹಾರಾಟದಲ್ಲಿ ಆ ಭಾಗ್ಯವಿಲ್ಲ. ಅದೇ ಮೂರು ಸೀಟು, ಅದೇ ಇಕ್ಕಟ್ಟು. ನಡುವಿನ ಸೀಟು ಖಾಲಿ ಬಿಟ್ಟು, ಹಿಂದೊಂದು ಪರದೆ ಎಳೆದು, ಬಿಸಿ ಊಟ ಕೊಡುತ್ತಾರೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಅನುರಾಧಾ ಮೊದಲ ಸಾಲಿನಲ್ಲಿದ್ದರು. ಎರಡನೇ ಸಾಲಿನ ಕಿಟಕಿಗೆ ನಿಹಾಲ್‌ನ ಸಹೋದ್ಯೋಗಿ ಅವಿನಾಶ್. ಈಚೆ ತುದಿಗೆ ಇಬ್ಬರ ಮ್ಯಾನೇಜರ್ ವೆಂಕಟರಮಣ. ನಡುವಿನ ಖಾಲಿ ಸೀಟಿನಲ್ಲಿ, ಬೆಲ್ಟ್ ಬಿಗಿದು, ಪೆಟ್ಟಿಗೆ. ಇಳಿದ ಮೇಲೆ ವೆಂಕಟರಮಣ ಅದನ್ನು ನೇರ ಆಫೀಸಿಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

"ಚಮಚ ಬಿಸಿನೆಸ್ ಕ್ಲಾಸಿಂದು. ಹಿಂದಿನವರಿಗೆ ಕೊಟ್ಟಿದ್ದು ನೀರು, ಒಂದು ಚಾಕೊಲೇಟ್ ಅಷ್ಟೆ," ಎಂದ ನಿಹಾಲ್. "ನಾನು ನಿಮ್ಮನ್ನ ನೋಡೋಕೆ ಎರಡು ಸಲ ಪರದೆ ದಾಟಿ ಬಂದಿದ್ನಲ್ಲ. ನೀವೇ ಚಮಚ ಕೊಟ್ರಿ ಅಂತಾರೆ ಅವಿನಾಶ್."

ಅನುರಾಧಾ ಅವರಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಕಳ್ಳರನ್ನು ಹಿಡಿದವರಿಗೆ ಕಳ್ಳನ ಜೊತೆಗಾತಿ ಎಂಬ ಬಿರುದು! ಕಳ್ಳನನ್ನು ಹಿಡಿಯದೆ ಈ ಊರು ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದರು.

* * *

ಮಧ್ಯಾಹ್ನ ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಒಯ್ಯಲು ಅವಿನಾಶ್ ಬಂದ. ಅನುರಾಧಾ ಕಾಫಿ ಕೊಟ್ಟರು.

"ನೀವು ಒಂದ್ಸಲವೂ ಎದ್ದಿಲ್ವಾ?"

"ಇಲ್ಲ ಆಂಟಿ. ಸರ್ ಕೂಡ ಎದ್ದಿಲ್ಲ, ಅವರೇ ಹೇಳಿದಾರಲ್ಲ. ಅವರ ಕಣ್ಣೆದುರಿಗೆ ನಾನು ಹೇಗೆ ಮುಟ್ಲಿ?"

"ಊಟ ಚೆನ್ನಾಗಿತ್ತಾ?"

"ಅಯ್ಯೋ, ಪನೀರಿಗೆ ಉಪ್ಪೇ ಇರಲಿಲ್ಲ. ಹಾಗೇ ವಾಪಸ್ ಕೊಟ್ಟೆ."

ಅವನು ಹೋದ ಮೇಲೆ ಅನುರಾಧಾ ಕಾಫಿ ಲೋಟ ತೊಳೆದಿಟ್ಟು ಬಂದರು.

"ನಿಹಾಲ್, ನನ್ನ ಊಟ ಏನಂತ ಬುಕ್ ಮಾಡಿದ್ದೆ?"

"ಹಿಂದೂ ಮೀಲ್. ವೆಜ್ ಅಲ್ವಾ?"

"ಅದರಲ್ಲಿ ಕೋಳಿ ಬಂತು ಕಣೋ! ಹಿಂದೂ ಊಟ ಅಂದ್ರೆ ದನ, ಹಂದಿ ಇರಲ್ಲ, ಅಷ್ಟೇ ಅಂತೆ. ಗಗನಸಖಿ ಪಾಪ, ಹಿಂದಿನ ಸಾಲಿನ ಇಂಡಿಯನ್ ಒಬ್ಬರು ತಮ್ಮ ವೆಜ್ ಊಟ ಬದಲಾಯಿಸಿಕೊಳ್ತಾರೆ ಅಂತ ಪನೀರ್ ತಂದುಕೊಟ್ಲು. ಊಟ ಮುಗಿಸಿ ಥ್ಯಾಂಕ್ಸ್ ಹೇಳೋಣ ಅಂತ ತಿರುಗಿ ನೋಡಿದೆ. ವೆಂಕಟರಮಣ ಅವರ ಸೀಟು ಖಾಲಿ."

"ಟಾಯ್ಲೆಟ್‌ಗೆ ಹೋಗಿರ್ತಾರೆ."

"ನಮ್ಮ ಕ್ಲಾಸಿನ ಟಾಯ್ಲೆಟ್ ಮುಂದೆ, ನನ್ನ ಸೀಟು ದಾಟಿಯೇ ಹೋಗ್ಬೇಕು. ಯಾರೂ ದಾಟಲಿಲ್ಲ. ಅವರು ಹೋಗಿದ್ದು ಹಿಂದಕ್ಕೆ."

ನಿಹಾಲ್ ಎದ್ದು ನಿಂತ. "ಹಾಗಾದ್ರೆ ಸುಳ್ಳು ಹೇಳಿದ್ರು! ಅವರೇ ಕದ್ದಿದಾರೆ!"

"ಆತುರಪಡಬೇಡ. ಕಳ್ಳ ಮಾಲಿಗೋಸ್ಕರ ಸುಳ್ಳು ಹೇಳ್ತಾನೆ. ದೊಡ್ಡಮನುಷ್ಯರು ಮಾನಕ್ಕೋಸ್ಕರ ಹೇಳ್ತಾರೆ. ಈ ಊರಿನ ಕನ್ನಡದವರ ಗಣಪತಿ ಪೂಜೆ ಮಾಡಿಸೋದು ಯಾರು ಅಂದಿದ್ದೆ?"

"ವೆಂಕಟರಮಣ ಸರ್ರೇ," ಎಂದ ನಿಹಾಲ್.

* * *

ಸಂಜೆ ಹಾಗಾ ಎಂಬ ಬಡಾವಣೆಯ ಹಳೆಯ ಮರದ ಮನೆಗಳ ನಡುವಿನ ಕಫೆಗೆ ವೆಂಕಟರಮಣ ಫೀಕಾಗೆ, ಅಂದರೆ ಸ್ವೀಡನ್ನಿನವರ ಕಾಫಿ-ತಿಂಡಿಗೆ, ಬಂದರು. ತಟ್ಟೆಯಗಲದ ದಾಲ್ಚಿನ್ನಿ ಬನ್ ಕಂಡು ಗಟ್ಟಿಯಾಗಿ ಕೇಳಿದರು.

"ಇದಕ್ಕೆ ಮೊಟ್ಟೆ ಹಾಕಿಲ್ಲ ತಾನೆ?"

ಅನುರಾಧಾ ತಗ್ಗಿದ ದನಿಯಲ್ಲಿ ಹೇಳಿದರು. "ವಿಮಾನದಲ್ಲಿ ಅವಿನಾಶ್ ಪನೀರ್ ಅವನ ಹತ್ರವೇ ಇತ್ತು, ಅಂದ್ಮೇಲೆ ನೀವೇ ನಿಮ್ಮ ಪನೀರ್ ನನಗೆ ಕೊಟ್ರಿ. ಉಪಕಾರವಾಯ್ತು. ನನ್ನ ಕೋಳಿ ನಿಮಗೆ ಬಂತು."

ವೆಂಕಟರಮಣ ಅವರ ಮುಖ ಸುಣ್ಣವಾಯಿತು.

"ಅವಿನಾಶ್ ಎದುರು ತಿನ್ನೋಕಾಗಲ್ಲ. ಪರದೆ ಪಕ್ಕದ ಖಾಲಿ ಸಾಲಿಗೆ ಹೋಗಿ ಕೂತ್ರಿ. ಎಷ್ಟು ಹೊತ್ತು?"

ವೆಂಕಟರಮಣ ಬನ್ ತಟ್ಟೆಯನ್ನು ದೂರ ತಳ್ಳಿದರು.

"ತಿನ್ನೋದು ತಪ್ಪಲ್ಲ ಸರ್. ಆದ್ರೆ ಎದ್ದೇ ಇಲ್ಲ ಅಂದ್ರಲ್ಲ, ಅದು ನಮ್ಮ ಹುಡುಗನ ಕುತ್ತಿಗೆಗೆ ಬಂದಿದೆ. ನಾನು ಅವನ ಅತ್ತೆ, ನನ್ನ ಮಾತು ಯಾರೂ ನಂಬಲ್ಲ. ನಾಳೆ ನೀವೇ ಹೇಳಬೇಕು."

* * *

ಮಂಗಳವಾರ ಅದೇ ಮೇಜು, ಅದೇ ಜನ. ಜೊತೆಗೆ ಸ್ವೀಡಿಷ್ ಪೊಲೀಸ್ ಅಧಿಕಾರಿಯೊಬ್ಬಳು. ಸಾಕ್ಷಿಯಾಗಿ ಅನುರಾಧಾ, ಪಕ್ಕದಲ್ಲಿ ನಿಹಾಲ್. ಮಾತು ಇಂಗ್ಲಿಷಿನಲ್ಲಿ ನಡೆಯಿತು.

ವೆಂಕಟರಮಣ ಎದ್ದರು. ಬೆವರು ಒರೆಸಿಕೊಂಡರು.

"ನಾನು ಸೀಟಿನಿಂದ ಎದ್ದಿದ್ದೆ. ಟಾಯ್ಲೆಟ್‌ಗೆ."

"ಹೌದು," ಅಂದ ಅವಿನಾಶ್ ತಟ್ಟನೆ. "ಎರಡೇ ನಿಮಿಷ. ಅಷ್ಟರಲ್ಲಿ ಏನಾಗುತ್ತೆ?"

ನಿಹಾಲ್ ತಲೆ ತಗ್ಗಿಸಿದ. ಅನುರಾಧಾ ಮಾತ್ರ ವೆಂಕಟರಮಣ ಅವರ ಮೇಲಿನ ದೃಷ್ಟಿ ತೆಗೆಯಲಿಲ್ಲ. ಕನ್ನಡದಲ್ಲಿ ಒಂದೇ ಮಾತು ಹೇಳಿದರು.

"ಸರ್, ನಿಮ್ಮದು ಹೋದರೆ ಒಂದು ದಿನದ ಮಾನ. ಅವನದು ಇಡೀ ಜೀವನ."

ವೆಂಕಟರಮಣ ಕಣ್ಣು ಮುಚ್ಚಿ ತೆರೆದರು.

"ಟಾಯ್ಲೆಟ್ ಅಲ್ಲ. ಹಿಂದಿನ ಸಾಲಿಗೆ ಹೋಗಿ ಚಿಕನ್ ತಿಂದೆ. ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಪೆಟ್ಟಿಗೆ ಅವಿನಾಶ್ ಒಬ್ಬನ ಪಕ್ಕದಲ್ಲಿತ್ತು."

ಮೇಜಿನ ಆಚೆ ಕೂತ ಇಬ್ಬರು ಕನ್ನಡಿಗರು ಬಾಯಿ ಬಿಟ್ಟುಕೊಂಡು ನೋಡಿದರು. ಪೊಲೀಸ್ ಅಧಿಕಾರಿಗೆ ಚಿಕನ್ ತಿನ್ನುವುದರಲ್ಲಿ ಮುಚ್ಚಿಡುವಂಥದ್ದೇನಿದೆಯೋ ತಿಳಿಯಲಿಲ್ಲ, ಆದರೆ ಇಪ್ಪತ್ತು ನಿಮಿಷ ಎಂಬುದನ್ನು ಬರೆದುಕೊಂಡಳು.

ಅನುರಾಧಾ ಅವಿನಾಶ್ ಕಡೆ ತಿರುಗಿದರು. "ನಿನ್ನೆ ಸರ್ ಎದ್ದೇ ಇಲ್ಲ ಅಂದೆ. ಈಗ ಎದ್ದರು, ಎರಡೇ ನಿಮಿಷ ಅಂತೀಯ. ಅವರ ಮಾನ ಕಾಯೋಕೆ ಸುಳ್ಳು ಹೇಳಿದೆ ಅನ್ನೋಣ. ಹಾಗಿದ್ರೆ ನಿಹಾಲ್ ಮೇಲೆ ಬೆರಳು ಯಾಕೆ ತೋರಿಸಿದೆ? ಸರ್ ಹೇಳಿದ ಸುಳ್ಳು ನಿನಗೇ ರಕ್ಷಣೆ ಆಗಿತ್ತು. ಇನ್ನು ನಿಹಾಲ್ ಬಂದಿದ್ದು ವಿಮಾನ ಏರಿದ ಕೂಡಲೇ ಒಮ್ಮೆ, ಇಳಿಯೋ ಮುಂಚೆ ಒಮ್ಮೆ. ಆಗೆಲ್ಲ ನೀವಿಬ್ಬರೂ ಸೀಟಲ್ಲೇ ಇದ್ರಿ. ಊಟ ಹಾಗೇ ವಾಪಸ್ ಕೊಟ್ಟವನು ನೀನು. ನಿನ್ನ ಚಮಚ ವಾಪಸ್ ಹೋಯ್ತಾ?"

ಅವಿನಾಶ್ ಎರಡೂ ಕೈ ಮೇಜಿನ ಮೇಲಿಟ್ಟು ಒಪ್ಪಿಕೊಂಡ. ಲಿಂಕೋಪಿಂಗ್‌ನ ಇನ್ನೊಂದು ಕಂಪನಿಯಲ್ಲಿ ದೊಡ್ಡ ಹುದ್ದೆ ಸಿಗುವುದಿತ್ತು. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಪೆಟ್ಟಿಗೆ ಹಗುರಾದದ್ದು ಗೊತ್ತಾಗದಿರಲೆಂದು ತನ್ನ ಚಮಚ, ಫೋರ್ಕ್, ಚಾಕುಗಳನ್ನು ಸುತ್ತಿ ಒಳಗಿಟ್ಟಿದ್ದ. ಮಧ್ಯಾಹ್ನದೊಳಗೆ ಪೊಲೀಸರು ಅವನ ಅಡುಗೆಮನೆಯ ಅಕ್ಕಿ ಡಬ್ಬಿಯಿಂದ ಸೆನ್ಸರ್ ತೆಗೆದರು.

ಹೊರಡುವಾಗ ವೆಂಕಟರಮಣ ಬಾಗಿಲಲ್ಲಿ ನಿಹಾಲ್‌ನನ್ನು ತಡೆದು ನಿಲ್ಲಿಸಿದರು. ಸುತ್ತ ಎಲ್ಲರೂ ನೋಡುತ್ತಿದ್ದರು.

"ಒಂದು ತುಂಡು ಕೋಳಿಗೋಸ್ಕರ ನಿನ್ನನ್ನ ಕಳ್ಳ ಮಾಡಿಬಿಟ್ಟೆ. ಕ್ಷಮಿಸಪ್ಪ."

ನಿಹಾಲ್ ಅತ್ತೆಯ ಕಡೆ ನೋಡಿದ.

"ಕ್ಷಮಿಸ್ತೀನಿ ಸರ್," ಎಂದ ಕೊನೆಗೆ. "ಆದರೆ ಇವತ್ತು ಬೇಡ."