ಅಕ್ಕನಿಗೊಂದು ತಣ್ಣನೆ ಹೋಟೆಲ್

ಮಿಕ್ಸಿಯ ಮುಚ್ಚಳ ಟಪ್ಪೆಂದು ಹಾರಿತು. ಬಾಳೆಹಣ್ಣು, ಹಾಲು, ಸಕ್ಕರೆ ಮೂರೂ ಜೊತೆಯಾಗಿ ಮೇಲೆದ್ದು ಗೋಡೆಗೆ, ಕಿಟಕಿಗೆ, ಕ್ಯಾಲೆಂಡರಿಗೆ ಬಡಿದವು. ಉಳಿದದ್ದು ಸಾಸಿವೆಯ ಮೂಗಿನ ಮೇಲೆ ಬಂದು ಕೂತಿತು.

ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಸದ್ದು ನಿಂತಿತು.

"ಏನೇ ಅದು?"

"ಏನಿಲ್ಲಮ್ಮ! ಐಸ್‌ಕ್ರೀಮ್ ಸ್ವಲ್ಪ ಹಾರ್ತು ಅಷ್ಟೆ!"

"ಐಸ್‌ಕ್ರೀಮಿಗೆ ರೆಕ್ಕೆ ಯಾವಾಗ ಬಂತು?" ಎನ್ನುತ್ತಾ ಅಮ್ಮ ಬಾಗಿಲಿಗೆ ಬಂದಳು. ಅವಳ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಗೋಡೆ ನೋಡಿದಳು. ಮಗಳ ಮೂಗು ನೋಡಿದಳು.

"ಸ್ಟವ್ ಮುಟ್ಟಬೇಡ ಅಂದಿದ್ದೆ."

"ಮುಟ್ಟಿಲ್ಲ."

"ಚಾಕು ಮುಟ್ಟಬೇಡ ಅಂದಿದ್ದೆ."

"ಅದನ್ನೂ ಮುಟ್ಟಿಲ್ಲ."

"ಮತ್ತೆ ಮಿಕ್ಸಿ?"

"ನೀನು ಮಿಕ್ಸಿ ಅಂತ ಹೇಳ್ಲೇ ಇಲ್ವಲ್ಲಮ್ಮ!"

ಅಮ್ಮ ತುಟಿ ಕಚ್ಚಿ ನಗು ತಡೆದುಕೊಂಡಳು. "ಈಗ ಹೇಳ್ತಿದ್ದೀನಿ. ಮಿಕ್ಸಿ ಮುಟ್ಟಬೇಡ. ಫ್ಯಾನು, ಇಸ್ತ್ರಿಪೆಟ್ಟಿಗೆ, ಅಪ್ಪನ ರೇಜರ್, ಯಾವುದೂ ಬೇಡ. ಇನ್ನೇನಾದ್ರೂ ಬಿಟ್ಟೋಗಿದ್ರೆ ನೀನೇ ಸೇರಿಸ್ಕೋ."

ಸಾಸಿವೆ ಎಂದರೆ ಅವಳ ಶಾಲೆಯಲ್ಲಿನ ಹೆಸರಲ್ಲ. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಅದಕ್ಕೆ ಅಪ್ಪ ಸಾಸಿವೆ ಎಂದು ಕರೆದ. ಮಾತು ಬಂದ ಮೇಲೆ ಕಾದ ಎಣ್ಣೆಗೆ ಬಿದ್ದವಳ ಹಾಗೆ ಚಟಪಟ ಎನ್ನತೊಡಗಿದಳು. ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಒಳಕೋಣೆಯಿಂದ ಎರಡು ಚಪ್ಪಾಳೆ ಕೇಳಿಸಿತು. ಅಕ್ಕ!

ಅಕ್ಕನಿಗೆ ಗಂಟಲಿನ ಆಪರೇಷನ್ ಆಗಿತ್ತು. ಪದೇ ಪದೇ ಊದಿಕೊಳ್ಳುತ್ತಿದ್ದ ಟಾನ್ಸಿಲ್ ತೆಗೆದುಹಾಕಿದ್ದರು. ಕೆಲವು ದಿನ ಮಾತಾಡಬಾರದು, ಬಿಸಿಯದು, ಗಟ್ಟಿಯದು ತಿನ್ನಬಾರದು, ತಣ್ಣಗಿರುವ ಮೆತ್ತನೆಯ ಆಹಾರ ಮಾತ್ರ ಎಂದಿದ್ದರು ಡಾಕ್ಟರ್. ಹಾಗಾಗಿ ಮನೆಯಲ್ಲಿ ಹೊಸ ಭಾಷೆ ಶುರುವಾಗಿತ್ತು. ಒಂದು ಚಪ್ಪಾಳೆ ಎಂದರೆ ಹೂಂ. ಎರಡು ಎಂದರೆ ಊಹೂಂ. ಅಕ್ಕ ಹೆಚ್ಚಾಗಿ ಎರಡೇ ಹೊಡೆಯುತ್ತಿದ್ದಳು.

ನಿಜ ಹೇಳಬೇಕೆಂದರೆ, ಮೊದಲ ದಿನ ಸಾಸಿವೆಗೆ ಒಳಗೊಳಗೇ ಖುಷಿಯಾಗಿತ್ತು. ಬೇರೆ ದಿನಗಳಲ್ಲಿ ಅಡುಗೆಮನೆಯಲ್ಲಿ ಅಕ್ಕನದೇ ದರ್ಬಾರು. "ಹಾಗಲ್ವೇ, ಹೀಗೆ. ಕೈ ತೊಳ್ಕೊಂಡ್ಯಾ? ಚಮಚ ಅಲ್ಲಿಡಬೇಡ. ಸರಿ, ನೀನು ಆ ಕಡೆ ಹೋಗು." ಈಗ ಅಕ್ಕನ ಬಾಯಿಗೆ ಬೀಗ. ಅಮ್ಮನಿಗೆ ಯಾವುದೋ ಆಫೀಸಿನ ಪರದೆಗಳನ್ನು ಹೊಲಿದುಕೊಡುವ ಅವಸರ. ಅಪ್ಪ ಬೆಳಿಗ್ಗೆ ಬಸ್ಸಿನ ಸ್ಟಿಯರಿಂಗ್ ಹಿಡಿದರೆ ಮನೆಗೆ ಬರುವುದು ಸಂಜೆ. ಶಾಲೆಗೆ ಬೇಸಿಗೆ ರಜೆ. ಅಡುಗೆಮನೆ ಪೂರ್ತಿ ಸಾಸಿವೆಯದು!

ಆದರೆ ಅಕ್ಕ ಏನನ್ನೂ ತಿನ್ನುತ್ತಿರಲಿಲ್ಲ. ನೀರು ನುಂಗುವಾಗಲೂ ಅವಳ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಅಮ್ಮ ಮೊಸರು ಕಲಸಿ ತಂದರೆ ಎರಡು ಚಪ್ಪಾಳೆ. ತಣ್ಣನೆ ಹಾಲು ತಂದರೂ ಎರಡು ಚಪ್ಪಾಳೆ.

"ನಾನು ಏನಾದ್ರೂ ಸೂಪರ್ ಆಗಿರೋದು ಮಾಡ್ತೀನಿ ನೋಡ್ತಿರು," ಎಂದಿದ್ದಳು ಸಾಸಿವೆ. ಆ ಸೂಪರ್ ಈಗ ಗೋಡೆಯಿಂದ ಇಳಿಯುತ್ತಿತ್ತು.

ಗೋಡೆ ಒರೆಸಿ ಮುಗಿಸಿ ಅವಳು ಫ್ರಿಡ್ಜ್ ತೆರೆದಳು. ಬಾಗಿಲಿನ ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು ಕೂತಿದ್ದವು. ಬೇಸಿಗೆಗೆ ನಿಂಬೆಹಣ್ಣಿಗಿಂತ ಬೇರೇನು ಬೇಕು? ಅಮ್ಮನ ಹತ್ತಿರ ಹೋಗಿ, "ಇದನ್ನ ಎರಡು ಹೋಳು ಮಾಡಿಕೊಡು," ಎಂದಳು. ಅಮ್ಮ ಮೆಷಿನ್ನಿನಿಂದ ಎದ್ದು ಹೆಚ್ಚಿಕೊಟ್ಟು, ಏನಕ್ಕೆ ಎಂದೂ ಕೇಳದೆ ಮತ್ತೆ ಪರದೆಯೊಳಗೆ ಮುಳುಗಿಹೋದಳು.

ಸಾಸಿವೆ ರಸ ಹಿಂಡಿದಳು, ನೀರು ಬೆರೆಸಿ ಸಕ್ಕರೆ ಸುರಿದಳು, ಚಿಟಿಕೆ ಉಪ್ಪು ಹಾಕಿದಳು. ಸಣ್ಣ ಲೋಟಗಳಿಗೆ ತುಂಬಿ, ಒಂದೊಂದರಲ್ಲೂ ಒಂದೊಂದು ಚಮಚ ನಿಲ್ಲಿಸಿ ಫ್ರೀಜರಿನಲ್ಲಿಟ್ಟಳು. ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡಿದಳು.

"ನೀನು ಹಾಗೆ ಇಣುಕ್ತಾನೇ ಇದ್ರೆ ಅದಕ್ಕೆ ನಾಚಿಕೆಯಾಗಿ ಗಟ್ಟಿನೇ ಆಗಲ್ಲ," ಎಂದು ಅಮ್ಮ ಅಲ್ಲಿಂದಲೇ ಕೂಗಿದಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕ್ಯಾಂಡಿ ಸಿದ್ಧವಾಯಿತು. ಚಮಚ ಹಿಡಿದು ಎಳೆದರೆ ಲೋಟದ ಆಕಾರದ ಹಿಮದ ಗಡ್ಡೆ ಜುಮ್ಮೆಂದು ಕೈಗೆ ಬಂತು. ಸಾಸಿವೆ ಓಡಿದಳು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕುತ್ತಿಗೆಯ ಮೇಲೆ ಒದ್ದೆ ಬಟ್ಟೆ. ಕ್ಯಾಂಡಿ ಕಂಡವಳೇ ಮೂಸಿ ನೋಡಿ ಎರಡು ಚಪ್ಪಾಳೆ ಹೊಡೆದಳು.

"ರುಚಿ ನೋಡೋಕೆ ಮುಂಚೆನೇ ಊಹೂಂ ಅಂದ್ರೆ ಹೇಗೆ?"

ಮತ್ತೆ ಎರಡು ಚಪ್ಪಾಳೆ.

"ನೀನು ಯಾವಾಗ್ಲೂ ಹೀಗೇ. ನಾನು ಮಾಡಿದ್ದು ಅಂದ್ರೆ ನಿನಗೆ ಅಷ್ಟಕ್ಕಷ್ಟೇ. ಮಧ್ಯಾಹ್ನ ಪೂರ್ತಿ ಫ್ರಿಡ್ಜ್ ಮುಂದೆ ನಿಂತಿದ್ದೀನಿ ಗೊತ್ತಾ? ಒಂದ್ಸಲ ನೆಕ್ಕು. ಒಂದೇ ಒಂದ್ಸಲ." ಸಾಸಿವೆ ಕ್ಯಾಂಡಿಯನ್ನು ಇನ್ನಷ್ಟು ಮುಂದೆ ಚಾಚಿದಳು. ಕ್ಯಾಂಡಿಯ ನೀರು ಮೊಣಕೈವರೆಗೂ ಇಳಿದಿತ್ತು.

ಅಕ್ಕ ಅವಳ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಕ್ಯಾಂಡಿ ತೆಗೆದುಕೊಂಡು ನೆಕ್ಕಿದಳು. ನುಂಗಿದಳು.

ಮರುಕ್ಷಣ ಅವಳ ಮುಖ ಕೆಂಪಾಯಿತು. ಎರಡೂ ಕೈಯಿಂದ ಗಂಟಲು ಹಿಡಿದುಕೊಂಡಳು. ಸದ್ದೇ ಇಲ್ಲದೆ ಕಣ್ಣಿಂದ ನೀರು ಬಳಬಳನೆ ಇಳಿಯಿತು. ಕ್ಯಾಂಡಿ ನೆಲಕ್ಕೆ ಬಿದ್ದು ಒಡೆಯಿತು.

"ಅಮ್ಮಾ!"

ಆಮೇಲೆ ಅಕ್ಕ ನೀರನ್ನೂ ಬಾಯಿಗೆ ತೆಗೆದುಕೊಳ್ಳಲಿಲ್ಲ. ಅಮ್ಮ ದೊಡ್ಡ ಲೋಟದ ತುಂಬ ತಣ್ಣೀರು ತಂದು ತಲೆ ಸವರಿದಳು, ಗದರಿದಳು, ಗೋಗರೆದಳು. ಅಕ್ಕ ಗೋಡೆಯ ಕಡೆ ತಿರುಗಿದಳು. ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಬಾಗಿಲ ಹಿಂದೆ ನಿಂತ ಸಾಸಿವೆಗೆ ಫೋನಿನೊಳಗಿನ ದನಿಯೂ ಕೇಳಿಸುತ್ತಿತ್ತು.

"ಸಂಜೆಯೊಳಗೆ ಚೆನ್ನಾಗಿ ಏನಾದ್ರೂ ಕುಡಿಯಲೇಬೇಕು. ಇಲ್ಲಾಂದ್ರೆ ಕರ್ಕೊಂಡು ಬನ್ನಿ, ಅಡ್ಮಿಟ್ ಮಾಡಿ ಡ್ರಿಪ್ ಹಾಕೋಣ."

ಡ್ರಿಪ್ ಎಂದರೆ ಕೈಗೆ ಸೂಜಿ. ಸೂಜಿ ಎಂದರೆ ಅಕ್ಕನಿಗೆ ಎಷ್ಟು ಭಯ ಎಂದು ಸಾಸಿವೆಗೆ ಚೆನ್ನಾಗಿ ಗೊತ್ತಿತ್ತು. ಆಪರೇಷನ್ನಿನ ದಿನ ಅವಳ ಕೈ ಹಿಡಿದುಕೊಂಡಿದ್ದವಳೇ ತಾನು. ಆ ಕೈ ಎಷ್ಟು ಬೆವರಿತ್ತು!

ಸಾಸಿವೆ ಮೆಲ್ಲಗೆ ಒಳಗೆ ಹೋಗಿ ನೆಲದ ಮೇಲೆ ಕೂತಳು. ಅಕ್ಕನನ್ನೇ ನೋಡತೊಡಗಿದಳು.

ಅಕ್ಕನ ಕುತ್ತಿಗೆಯ ಬಟ್ಟೆಯಲ್ಲಿ ಅಮ್ಮ ಈಗ ಐಸ್ ಸುತ್ತಿಟ್ಟಿದ್ದಳು. ಐಸ್ ಕರಗಿ ಒಂದು ಹನಿ ಅಕ್ಕನ ಬೆರಳಿಗೆ ಇಳಿಯಿತು. ಅಕ್ಕ ಯೋಚನೆಯಿಲ್ಲದೆ ಅದನ್ನು ಚೀಪಿದಳು. ನುಂಗಿದಳು. ಮುಖ ಕಿವುಚಲಿಲ್ಲ. ಇನ್ನೊಂದು ಹನಿ ಇಳಿಯಿತು. ಅದನ್ನೂ ಚೀಪಿದಳು.

ಸಾಸಿವೆ ನೆಟ್ಟಗೆ ಕೂತಳು. ಹನಿ ಆದರೆ ಹೋಗುತ್ತದೆ! ಲೋಟ ಕಂಡರೇ ಭಯ, ಅಷ್ಟೆ.

ಅವಳು ಮಂಚದ ಕೆಳಗೆ ತೆವಳಿದಳು. ಧೂಳು, ಒಂಟಿ ಚಪ್ಪಲಿ, ಕಳೆದುಹೋಗಿದ್ದ ಚೆಂಡು, ಅದರ ಹಿಂದೆ ಗೊಂಬೆಯ ಟೀ ಸೆಟ್ಟಿನ ಡಬ್ಬಿ. ಹೆಬ್ಬೆರಳ ಉಗುರಿನಷ್ಟು ಅಗಲದ ಕಪ್ಪುಗಳು. ಸೋಪು ಹಾಕಿ ಮೂರು ಸಲ ತಿಕ್ಕಿದಳು.

"ಅಕ್ಕ, ಏನು ಮಾಡ್ಲಿ? ನೀನೇ ಹೇಳು," ಎಂದು ನಿಂಬೆಹಣ್ಣು ಬಿಟ್ಟು ಫ್ರಿಡ್ಜಿನಲ್ಲಿದ್ದುದನ್ನೆಲ್ಲ ಒಂದು ತಟ್ಟೆಯಲ್ಲಿ ಜೋಡಿಸಿ ಅವಳ ಮುಂದೆ ಹಿಡಿದಳು. ಅಕ್ಕ ಅನುಮಾನದಿಂದ ನೋಡಿದಳು. ನಿಂಬೆಹಣ್ಣು ಇಲ್ಲವೆಂದು ಖಾತ್ರಿಯಾದ ಮೇಲೆ ನಿಧಾನವಾಗಿ ಬೆರಳು ಚಾಚಿದಳು. ಬಾಳೆಹಣ್ಣು. ಹಾಲು. ಆಮೇಲೆ ಕೈಯಲ್ಲಿ ಏನೋ ಕಿವುಚುವ ಹಾಗೆ ಮಾಡಿ ತೋರಿಸಿದಳು.

"ಕಿವುಚಬೇಕಾ?"

ಒಂದು ಚಪ್ಪಾಳೆ.

"ಆಮೇಲೆ ಕುಲುಕಬೇಕಾ?"

ಒಂದು ಚಪ್ಪಾಳೆ.

ಕಳಿತ ಬಾಳೆಹಣ್ಣನ್ನು ಸಾಸಿವೆ ಗಂಟಿಲ್ಲದ ಹಾಗೆ ಕಿವುಚಿದಳು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತಣ್ಣನೆ ಹಾಲು ಸುರಿದು, ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿ, ಡಬ್ಬಿ ಹಿಡಿದು ಕೋಣೆಯ ಮಧ್ಯೆ ಕುಣಿಯತೊಡಗಿದಳು. ಎಡಕ್ಕೆ, ಬಲಕ್ಕೆ, ತಲೆಯ ಮೇಲೆ, ಬೆನ್ನ ಹಿಂದೆ. ಅಕ್ಕನ ಹೆಗಲು ಅಲುಗಿತು. ನಕ್ಕರೆ ಗಂಟಲು ನೋಯುತ್ತದೆಂದು ಅವಳು ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು.

"ನಗಬೇಡ್ವೇ! ನಗೋದು ಮೆನುನಲ್ಲಿ ಇಲ್ಲ!"

ಡಬ್ಬಿ ತೆರೆದರೆ ಮೇಲೆಲ್ಲ ನೊರೆ. ಸಾಸಿವೆ ಅಮ್ಮನ ಪರದೆಯ ತುಂಡೊಂದನ್ನು ತೋಳಿಗೆ ಹಾಕಿಕೊಂಡು ಬಾಗಿ ನಿಂತಳು.

"ತಣ್ಣನೆ ಹೋಟೆಲಿಗೆ ಸ್ವಾಗತ ಮೇಡಂ. ಇದರ ಹೆಸರು ಮೋಡದ ಗುಟುಕು. ನಮ್ಮಲ್ಲಿ ದೊಡ್ಡ ಕಪ್ಪು ಸಿಗಲ್ಲ."

ಅಕ್ಕ ಆ ಪುಟಾಣಿ ಕಪ್ಪನ್ನು ಎರಡು ಬೆರಳಲ್ಲಿ ಹಿಡಿದಳು. ತುಟಿಗೆ ತಾಗಿಸಿದಳು. ಬಾಗಿಲಲ್ಲಿ ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು. ಕಪ್ಪು ಖಾಲಿಯಾಯಿತು. ಅಕ್ಕ ಕಣ್ಣು ಮುಚ್ಚಿ, ತೆರೆದು, ಒಂದು ಚಪ್ಪಾಳೆ ಹೊಡೆದಳು.

ಆಮೇಲೆ ಹೋಟೆಲಿಗೆ ಬಿಡುವೇ ಇರಲಿಲ್ಲ. ಸಾಸಿವೆ ಅಮ್ಮ ಹೆಚ್ಚಿಕೊಟ್ಟ ಕಲ್ಲಂಗಡಿಯ ತಿರುಳನ್ನು ಚಮಚದಿಂದ ಕೆರೆದು, ಬೀಜ ಆರಿಸಿ, ಸೋಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಟ್ಟಳು. ಅರೆಗಟ್ಟಿಯಾದಾಗ ಮತ್ತೆ ಕೆರೆದರೆ ಕೆಂಪು ಹಿಮ! ಅದೂ ಗೊಂಬೆಯ ಕಪ್ಪಿನಲ್ಲೇ ಬಂತು. ನೆಲಕ್ಕೆ ಚೆಲ್ಲಿದ್ದನ್ನು ಅಕ್ಕ ಬೆರಳು ಮಾಡಿ ತೋರಿಸಿದರೆ, "ಅದು ನಮ್ಮ ಫ್ಲೋರಿನ ಡಿಸೈನ್ ಮೇಡಂ," ಎಂದಳು ಸಾಸಿವೆ. ಅಕ್ಕ ಕಣ್ಣು ಬಿಟ್ಟು ದಿಟ್ಟಿಸಿದಳು. ಮಾತಿಲ್ಲದಿದ್ದರೂ ಆ ಕಣ್ಣಿಗೆ ಪೂರ್ತಿ ವ್ಯಾಕರಣವಿತ್ತು. ಸಾಸಿವೆ ಬಟ್ಟೆ ತಂದು ಒರೆಸಿದಳು.

ಸಂಜೆ, ಅಮ್ಮನ ಫೋನ್ ಬಂದಿದ್ದರಿಂದ ಅಪ್ಪ ಗಾಬರಿಯಿಂದ ಬಂದ. ಖಾಕಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಎಲ್ಲಿ, ಹೊರಡೋಣ್ವಾ? ಆಟೋ ನಿಲ್ಲಿಸಿ ಬಂದಿದ್ದೀನಿ," ಎಂದವನು ಖಾಲಿ ಕಪ್ಪುಗಳ ಸಾಲು ನೋಡಿ ನಿಂತ.

"ಆಟೋದವರನ್ನ ಕಳಿಸಿಬಿಡಿ," ಎಂದಳು ಅಮ್ಮ. ಅವಳ ಮುಖ ಹಗುರಾಗಿತ್ತು.

"ಹಾಗಾದ್ರೆ ನನಗೂ ಒಂದು ಕೊಡ್ರಪ್ಪ. ದಿನವಿಡೀ ಇಂಜಿನ್ ಪಕ್ಕ ಬೆಂದಿದ್ದೀನಿ."

ಸಾಸಿವೆ ಅಪ್ಪನ ಅಗಲವಾದ ಅಂಗೈ ಮೇಲೆ ಪುಟಾಣಿ ಕಪ್ಪು ಇಟ್ಟಳು. ಅಪ್ಪ ಅದನ್ನು ಹುಡುಕುವವನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. ಅಕ್ಕ ಮತ್ತೆ ದಿಂಬು ಹುಡುಕಿಕೊಂಡಳು.

ಕಪ್ಪು ತೊಳೆಯುವಾಗ ಅಮ್ಮ ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದಳು.

"ಅಮ್ಮ, ನನ್ನಿಂದಾನೇ ಅಲ್ವಾ ಅಕ್ಕಂಗೆ ಅಷ್ಟು ನೋವಾಗಿದ್ದು?"

"ನನ್ನದೂ ತಪ್ಪು ಕಣೇ. ಹುಳಿಯದು ತಾಗಿಸಲೇಬೇಡಿ ಅಂತ ಡಾಕ್ಟರ್ ಹೇಳಿದ್ರು. ನಿನಗೆ ಹೇಳೋದೇ ಮರೆತೆ. ನಿಂಬೆಹಣ್ಣು ಹೆಚ್ಚಿಕೊಟ್ಟವಳೂ ನಾನೇ."

"ಅಕ್ಕಂಗೆ ಗೊತ್ತಿತ್ತಾ? ಹುಳಿ ತಿನ್ನಬಾರದು ಅಂತ?"

"ಗೊತ್ತಿಲ್ದೆ ಏನು? ಅವಳ ಎದುರಿಗೇ ಹೇಳಿದ್ದು."

ಸಾಸಿವೆಯ ಕೈ ನಲ್ಲಿಯ ಕೆಳಗೇ ನಿಂತುಬಿಟ್ಟಿತು. ಕಪ್ಪು ತುಂಬಿ ಹರಿಯಿತು, ಮತ್ತೆ ಹರಿಯಿತು.

"ನೀರು ನಿಲ್ಲಿಸೇ," ಎಂದಳು ಅಮ್ಮ. ಸಾಸಿವೆ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಎದ್ದಳು. ರಾತ್ರಿ ಅಮ್ಮ ಹೆಚ್ಚಿಟ್ಟಿದ್ದ ಹಣ್ಣಾದ ಪಪ್ಪಾಯಿಯನ್ನು ಚಮಚದಿಂದ ಕೆರೆದು, ನುಣ್ಣಗೆ ಕಿವುಚಿ, ಎರಡು ಚಮಚ ಹಾಲು ಬೆರೆಸಿ ಸ್ವಲ್ಪ ಹೊತ್ತು ಫ್ರಿಡ್ಜಿನಲ್ಲಿಟ್ಟು ತಂದಳು.

ಅಕ್ಕನಿಗೆ ಆಗತಾನೇ ಎಚ್ಚರವಾಗಿತ್ತು. ಕಣ್ಣಿನ್ನೂ ಪೂರ್ತಿ ಬಿಟ್ಟಿರಲಿಲ್ಲ. ತಂಗಿ ಬಂದು ಕೂತಿದ್ದು ಗೊತ್ತಾಗಿ, ಏನು ತಂದಿದ್ದಾಳೆಂದು ನೋಡದೆ, ಮೂಸದೆ, ಹಾಗೇ ಬಾಯಿ ತೆರೆದಳು.

ಚಮಚ ಅರ್ಧ ದಾರಿಯಲ್ಲಿ ನಿಂತಿತು.

"ಒಂದ್ನಿಮಿಷ ಇರಕ್ಕ," ಎಂದು ಸಾಸಿವೆ ಮೆಲ್ಲಗೆ ಹೇಳಿದಳು. ಇನ್ನೊಂದು ಚಮಚ ತೆಗೆದುಕೊಂಡು ಮೊದಲು ತಾನು ತಿಂದಳು. ನಾಲಿಗೆಯ ಮೇಲೆ ಇಟ್ಟುಕೊಂಡು, ನಿಧಾನವಾಗಿ, ಗಂಟಲಿನವರೆಗೂ ಹೋಗುವಷ್ಟು ಹೊತ್ತು ಕಾದಳು.

ಅಕ್ಕ ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು.