ಮೂರು ವರ್ಷ ಮೊದಲೇ ಮಲಗಿದ ರಾಜ

"ಮೊದಲು ಆ ರಾಜನನ್ನ ಎತ್ತಿ ನಿಲ್ಲಿಸಿ."

ನಿರುಪಮಾಳ ದನಿಗೆ, ಹೆಣ್ಣು ನೋಡಲು ತಾಯಿಯೊಂದಿಗೆ ಬಂದಿದ್ದ ಸಮರ್ಥ್ ಬೆಚ್ಚಿದ. ಡಲ್ಲಾಸ್ ಬಳಿಯ ಕ್ಯಾರಲ್ಟನ್ನಿನ ಅವಳ ಮನೆಯ ಗೊಂಬೆ ಮೆಟ್ಟಿಲುಗಳ ತುದಿಯಲ್ಲಿ ಪಟ್ಟದ ರಾಜ ಅಂಗಾತ ಮಲಗಿದ್ದ. ರಾಣಿ ಒಬ್ಬಳೇ ನಿಂತಿದ್ದಳು.

"ಕ್ರಾಂತಿ ಆಗೇದಲ್ರಿ? ರಾಜಾ ಇನ್ನೂ ಮ್ಯಾಲೇ ಇದ್ದ. ಅದಕ್ಕ ಮಲಗಿಸಿದೆ."

ಡಲ್ಲಾಸ್‌ನ ಕಾಲೇಜೊಂದರಲ್ಲಿ ಯುರೋಪಿನ ಇತಿಹಾಸ ಕಲಿಸುವ ನಿರುಪಮಾ, ಈ ನವರಾತ್ರಿಗೆ ಫ್ರೆಂಚ್ ಕ್ರಾಂತಿಯನ್ನು ಜೋಡಿಸಿದ್ದಳು. ರಟ್ಟಿನ ಬಾಸ್ಟೀಲ್ ಕೋಟೆ; ರೊಟ್ಟಿ ಕೇಳುತ್ತ ವರ್ಸೇಲ್ಸ್ ಅರಮನೆಗೆ ಹೊರಟ ಚನ್ನಪಟ್ಟಣದ ಮರದ ಹೆಂಗಸರು. ತುದಿಯಲ್ಲಿ ಮಾತ್ರ, ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳೇ ಇರಬೇಕೆಂದು ತಾಯಿ ಇಂದುಮತಿ ಹಟ ಹಿಡಿದಿದ್ದರು.

"ಇದು 1789ರ ಅಕ್ಟೋಬರ್. ರಾಜನ ತಲೆ ಹೋಗಿದ್ದು 1793ರ ಜನವರೀಲಿ. ಮೂರು ವರ್ಷ ಮೊದಲೇ ಮುಗಿಸಿಬಿಟ್ರಿ."

ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ವಿಜಯದಶಮಿಯ ಸಂಜೆ ಒಂದು ಗೊಂಬೆಯನ್ನು ಮಲಗಿಸಿದರೆ ಹಬ್ಬ ಮುಗಿದಂತೆ. ಗೊಂಬೆ ನೋಡಲು ಬಂದಿದ್ದ ವಿಜಯಾ ಆಂಟಿ, ಮಲಗಿದ ರಾಜನನ್ನು ಕಂಡು ಇವತ್ತೇ ದಶಮಿಯೆಂದುಕೊಂಡು, ತಮ್ಮ ಮನೆಯ ಗೊಂಬೆ ಮಲಗಿಸಲು ಹೊರಟೇಬಿಟ್ಟರು. ಹಿಂದೆಯೇ ಉಳಿದ ಅತಿಥಿಗಳೂ ಎದ್ದರು. ಇಂದುಮತಿ ಬರಿಗಾಲಲ್ಲಿ ಕಾರುಗಳವರೆಗೆ ಓಡಿ ಎಲ್ಲರನ್ನೂ ಆರತಿಗೆ ವಾಪಸ್ ಕರೆತರಬೇಕಾಯಿತು.

ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದಿಲ್ಲ ಎಂದು ಸಮರ್ಥ್ ಕ್ಷಮೆ ಕೇಳಿದ.

"ಗೊತ್ತಿಲ್ಲದ್ದನ್ನ ಮುಟ್ಟಬಾರದು," ಎಂದಳು ಅವಳು.

ಅವನು ತಾಯಿ ಶಾಂತವ್ವನನ್ನು ಕರೆದುಕೊಂಡು ಶುಗರ್ ಲ್ಯಾಂಡ್ ಊರಿನ ತನ್ನ ಮನೆಗೆ ಹೊರಟುಹೋದ.

ಆಮೇಲೆ ಬಂದವರೆಲ್ಲ ರಾಣಿಯ ಜರಿಯನ್ನು ಹೊಗಳಿದರು. ಅದು ಯಾವ ದೇಶದ ಕಥೆ ಎಂದು ಒಬ್ಬರೂ ಕೇಳಲಿಲ್ಲ.

ಕ್ರಾಂತಿ ಕಂಡದ್ದು ಅವನೊಬ್ಬನಿಗೇ, ಎನಿಸಿತು ನಿರುಪಮಾಳಿಗೆ... ಅವನನ್ನೇ ಓಡಿಸಿಬಿಟ್ಟೆನಲ್ಲ! ಇನ್ನು ಬರುತ್ತಾನೆಯೇ?

ವಿಜಯದಶಮಿಯ ಸಂಜೆ ಕರೆಗಂಟೆ ಸದ್ದಾಯಿತು. ನಾಲ್ಕು ಗಂಟೆ ಡ್ರೈವ್ ಮಾಡಿ ಬಂದಿದ್ದ ಸಮರ್ಥ್, ಕೈಯಲ್ಲಿ ಮೆಸ್ಕೀಟ್ ಮರದ ಎಲೆಗಳನ್ನು ಹಿಡಿದಿದ್ದ.

"ಇಲ್ಲಿ ಬನ್ನಿ ಸಿಗಂಗಿಲ್ರಿ. ಇದು ಅದರ ದಾಯಾದಿ. ತೊಗೋರಿ, ಬಂಗಾರದಂಗ ಇರೋಣ." ಆಮೇಲೆ ಮೆಲ್ಲಗೆ ಕೇಳಿದ, "ಈಗ ರಾಜನ್ನ ಮಲಗಿಸಬಹುದೇನ್ರಿ?"

ಇಬ್ಬರೂ ಸೇರಿ ಮಲಗಿಸಿದರು.

"ಮುಂದಿನ ವರ್ಷ ಯಾವ ಕಥಿ?"

"ಬರ್ಲಿನ್ ಗೋಡೆ."

"ರಾಜಾ ಆ ಕಡೆ, ರಾಣಿ ಈ ಕಡೆ?"

"ಇಲ್ಲ. 1989ರ ನವೆಂಬರ್ ಒಂಬತ್ತು. ಗೋಡೆ ದಾಟಿ ಆಗಿರುತ್ತೆ... ಇಬ್ರೂ ಒಂದೇ ಕಡೆ." ಅವಳು ಎಲೆಗಳನ್ನು ನೋಡುತ್ತ ಹೇಳಿದಳು, "ಆದ್ರೆ ಅಮ್ಮ ತಮ್ಮ ಜೋಡಿನ ಗೋಡೆ ಹತ್ತಿಸೋಕೆ ಬಿಡಲ್ಲ. ನಂದೇ ಜೋಡಿ ಬೇಕು. ಅದನ್ನ ಮದುವೇಲೇ ಕೊಡೋದು."

ಸಮರ್ಥ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಹಂಗಾದ್ರ ಮುಂದಿನ ದಸರಾದೊಳಗ ನಮ್ಮ ಮದುವಿ ಆಗಬೇಕಲ್ರಿ."

"ಆಗಲಿ," ಎಂದು ನಕ್ಕಳು ನಿರುಪಮಾ. "ತಾರೀಖು ಮಾತ್ರ ನಾನು ಹೇಳ್ತೀನಿ."