ಶಾಲೆ ಕೇಳಿದರೆ ಅಡುಗೆಮನೆ ತೋರಿಸುವವನು

"ಇಲ್ಲಿನ ಸ್ಕೂಲ್ ಹೇಗಿದೆ?" ಎಂದು ಮಾರ್ನಿ ಕೇಳಿದಳು.

"ಅಡುಗೆಮನೆ ನೋಡಿ, ಎಷ್ಟು ಚೆನ್ನಾಗಿ ಬಿಸಿಲು ಬೀಳುತ್ತೆ," ಎಂದ ಡೆಸ್ಮಂಡ್.

ಮಾರ್ನಿಗೆ ಮೈಯೆಲ್ಲ ಉರಿಯಿತು. ಹಾರ್ಲನ್ ಕ್ರೀಕ್ ಎಂಬ ಈ ಊರಿನಲ್ಲಿ ಅವನು ತೋರಿಸುತ್ತಿದ್ದ ಐದನೆಯ ಮನೆ ಇದು. ನರ್ಸ್ ಕೆಲಸಕ್ಕೆಂದು ಪಿಟ್ಸ್‌ಬರ್ಗ್ ಬಿಟ್ಟು ಬಂದವಳು, ಗಂಡನಿಲ್ಲದವಳು, ಮಗಳು ಟೆಸ್ ಜೊತೆ ಮೋಟೆಲ್‌ನಲ್ಲಿ ಕೂತಿದ್ದಾಳೆ. ಇಲ್ಲಿ ಮನೆ ಯಾವ ಬೀದಿಯಲ್ಲೋ ಆ ಬೀದಿಗೆ ಗೊತ್ತುಮಾಡಿದ ಸರ್ಕಾರಿ ಶಾಲೆಗೇ ಮಗು ಹೋಗಬೇಕು. ಇಷ್ಟು ತಿಳಿದೂ ಈ ಮನೆ ದಲ್ಲಾಳಿ ಶಾಲೆಯ ಮಾತೆತ್ತಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ.

"ನಿಮ್ಮ ಬಾಯಲ್ಲಿ ಒಂದಾದ್ರೂ ನೆಟ್ಟಗಿನ ಉತ್ತರ ಬರುತ್ತಾ?"

"ಚಾವಣಿ ಸೋರುತ್ತಾ ಅಂತ ಕೇಳಿ. ನೆಟ್ಟಗೆ ಹೇಳ್ತೀನಿ."

ಅವನ ಕಣ್ಣಂಚಿನಲ್ಲಿ ನಗುವಿತ್ತು. ಆ ನಗು ಚೆನ್ನಾಗಿಯೂ ಇತ್ತು. ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಅದೇ.

"ನಗಬೇಡಿ! ನನ್ನ ಮಗಳ ಪ್ರಶ್ನೆ ಇದು."

ಅವನು ಗಂಭೀರನಾದ. "ಮನೆ ತೋರಿಸೋರು ಈ ಸ್ಕೂಲ್ ಒಳ್ಳೇದು, ಅದು ಕೆಟ್ಟದ್ದು ಅನ್ನಬಾರದು ಮಾರ್ನಿ. ನಾವು ಕಪ್ಪು ಜನ, ನಮ್ಮಜ್ಜಿ ಮನೆ ಹುಡುಕೋವಾಗ 'ಇಲ್ಲಿನ ಸ್ಕೂಲ್ ನಿಮ್ಮ ಮಕ್ಕಳಿಗೆ ಹೊಂದಲ್ಲ' ಅಂತ ನಯವಾಗಿ ಹೇಳಿ, ಬಿಳಿಯರ ಬೀದಿಯಿಂದ ಆಚೆ ಅಟ್ತಿದ್ರು. ಆ ಮಾತು ನನ್ನ ಬಾಯಲ್ಲಿ ಬರಬಾರದು."

ಅವನು ಹೇಳಿದ್ದು ನ್ಯಾಯವೇ. ಆದರೆ ಟೆಸ್‌ಗೆ ಯಾವ ನ್ಯಾಯ?

ಮರುದಿನ ಮಾರ್ನಿ ಟೆಸ್‌ಳನ್ನು ಕರೆದುಕೊಂಡು ಊರಿನ ಶಿಕ್ಷಣ ಕಚೇರಿಗೆ ಹೋದಳು. ಕಿಟಕಿಯ ಹಿಂದಿನ ಹೆಂಗಸು ತಲೆಯೆತ್ತದೆಯೇ ಹೇಳಿದಳು: "ಪ್ರತಿಭಾವಂತ ಮಕ್ಕಳ ತರಗತಿಗೆ ಅಕ್ಟೋಬರ್‌ನಲ್ಲಿ ಪರೀಕ್ಷೆ. ಈಗ ಜನವರಿ."

"ನಮ್ಮೂರಲ್ಲಿ ಪಾಸಾಗಿ ಎರಡು ವರ್ಷ ಅಂಥ ತರಗತಿಯಲ್ಲೇ ಓದಿದ್ದಾಳೆ!"

"ಅದು ಇಲ್ಲಿ ನಡೆಯಲ್ಲ."

"ಊರು ಬದಲಾದ್ರೆ ಮಗು ತಲೆಯಲ್ಲಿರೋದೆಲ್ಲ ಸೋರಿಹೋಗುತ್ತೇನ್ರೀ?"

"ನಿಯಮ, ಮೇಡಂ."

ನಿಯಮವಂತೆ, ನಿಯಮ! ಕಾರಿನಲ್ಲಿ ಟೆಸ್ ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳಿದಳು, "ಅಮ್ಮಾ, ಹೊಸ ಸ್ಕೂಲಲ್ಲಿ ನಾನು ಉತ್ತರ ಗೊತ್ತಿಲ್ಲ ಅಂದ್ಬಿಡ್ತೀನಿ. ಆಗ ಯಾರಿಗೂ ತೊಂದ್ರೆ ಆಗಲ್ಲ."

ಒಂಬತ್ತು ವರ್ಷದ ಮಗು ದಡ್ಡಿಯ ವೇಷ ಹಾಕಲು ತಯಾರಾಗಿತ್ತು. ಮಾರ್ನಿ ಕಾರನ್ನು ನೇರ ಡೆಸ್ಮಂಡ್‌ನ ಆಫೀಸಿಗೆ ತಿರುಗಿಸಿದಳು.

"ನೀವು ತೋರಿಸಿದ ಬೆಟ್ಟದ ಮೇಲಿನ ಮನೆಗೆ ಸಹಿ ಹಾಕ್ತೀನಿ. ಇಂಟರ್ನೆಟ್‌ನಲ್ಲಿ ಅಲ್ಲಿನ ಸ್ಕೂಲ್‌ಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದಾರೆ."

ಡೆಸ್ಮಂಡ್‌ನ ಮುಖ ಸಪ್ಪಗಾಯಿತು. ಪೆನ್ನು ಕೊಡಲು ಚಾಚಿದ ಕೈ ಅಲ್ಲೇ ನಿಂತಿತು. ಪಕ್ಕದ ಮೇಜಿನ ಇನ್ನೊಬ್ಬ ದಲ್ಲಾಳಿ ಲೊರೇನ್‌ಳತ್ತ ತಿರುಗಿ, "ಇನ್ಮೇಲೆ ಇವರನ್ನ ನೀನು ನೋಡ್ಕೋ. ನಾನು ಇವರ ಏಜೆಂಟ್ ಅಲ್ಲ," ಎಂದ.

ಮಾರ್ನಿಯ ಕೆನ್ನೆ ಕೆಂಪಾಯಿತು. ದಡದಡನೆ ಹೊರಗೆ ನಡೆದಳು. ಅವನು ಹಿಂದೆಯೇ ಓಡಿಬಂದ.

"ಸಾಕಾಯ್ತಾ ನನ್ನ ಕಾಟ?" ಎಂದು ಮಾರ್ನಿ ಗಕ್ಕನೆ ತಿರುಗಿದಳು.

"ಕೇಳಿ. ಈಗ ನಾನು ದಲ್ಲಾಳಿ ಅಲ್ಲ, ಈ ಊರಲ್ಲಿ ಓದಿದವನು. ಬೆಟ್ಟದ ಸ್ಕೂಲಲ್ಲಿ ಟೆಸ್‌ಗೆ ಬೇಕಾದ ತರಗತಿಯೇ ಇಲ್ಲ. ಅದಿರೋದು ರೈಲು ಹಳಿ ಆಚೆ, ಎಲ್ಲರೂ ಮೂಗು ಮುರಿಯೋ ಹಳೇ ಕಟ್ಟಡದಲ್ಲಿ. ಆ ತರಗತಿಗೆ ಬೀದಿಯ ಲೆಕ್ಕ ಇಲ್ಲ, ನೀವು ಊರಲ್ಲಿ ಎಲ್ಲಿದ್ರೂ ಸ್ಕೂಲ್ ಬಸ್ ಬರುತ್ತೆ. ಹೊಸ ಮಗು ಬಂದ್ರೆ ಟೀಚರೇ ಆ ವಾರದಲ್ಲೇ ಪರೀಕ್ಷೆ ಮಾಡ್ತಾರೆ, ತಾಯಿ ಬರೆದು ಕೇಳಬೇಕಷ್ಟೆ."

"ಕಚೇರಿಯವಳು ಹೇಳಲೇ ಇಲ್ಲವಲ್ಲ!"

"ಕೇಳದಿದ್ರೆ ಹೇಳಲ್ಲ. ನಮ್ಮಮ್ಮ ಜಗಳ ಆಡಿ ನನ್ನ ಅಲ್ಲಿ ಕೂರಿಸಿದ್ರು."

ಬಲ್ಲವರ ಮಕ್ಕಳಿಗೆ ಮಾತ್ರ ತೆರೆಯುವ ಬಾಗಿಲಿಗೆ ಸಾರ್ವಜನಿಕ ಶಾಲೆಯೆಂಬ ಹೆಸರು ಬೇರೆ! ಮಾರ್ನಿ ಅವತ್ತೇ ಬರೆದು ಕೊಟ್ಟಳು.

ಪರೀಕ್ಷೆಯ ದಿನ ಡೆಸ್ಮಂಡ್ ಕರೆಯದೆಯೇ ಬಂದ. ಟೆಸ್ ಟೀಚರ್ ಜೊತೆ ಒಳಗೆ ಹೋದಳು. ಇವರಿಬ್ಬರೂ ವರಾಂಡದ ಪುಟಾಣಿ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತರು.

"ನಾಲ್ಕು ಮಾತು ಹೇಳೋಕೆ ನನ್ನ ಕೈಬಿಡಬೇಕಿತ್ತಾ? ಅದೂ ಎಲ್ಲರೆದುರು?"

"ಅದೊಂದೇ ಕಾರಣ ಅಲ್ಲ." ಅವನು ತನ್ನ ಬೂಟನ್ನು ನೋಡಿಕೊಂಡ. "ಗಿರಾಕಿಯನ್ನ ಊಟಕ್ಕೆ ಕರೆಯೋಕೆ ನನಗೆ ಮನಸ್ಸು ಒಪ್ಪಲಿಲ್ಲ. ಕರೆಯದೆ ಇರೋಕೂ ಆಗಲಿಲ್ಲ."

ಮಾರ್ನಿಗೆ ಮತ್ತೆ ಸಿಟ್ಟು ಬಂತು. ಈ ಸಲ ತನ್ನ ಮೇಲೆಯೇ. "ಎರಡನೇ ಮನೆ ಬಾಗಿಲು ಕಿರುಗುಟ್ಟುತ್ತೆ ಅಂತ ಬೇಡ ಅಂದೆನಲ್ಲ?"

"ಎರಡು ಹನಿ ಎಣ್ಣೆ ಬಿಟ್ರೆ ಸರಿಹೋಗ್ತಿತ್ತು."

"ಗೊತ್ತಿತ್ತು ಕಣ್ರೀ! ಮನೆ ಸಿಕ್ಕಿಬಿಟ್ರೆ ನೀವು ಬರೋದು ನಿಂತುಹೋಗ್ತಿತ್ತು. ಹೆತ್ತ ಮಗಳನ್ನ ಮೋಟೆಲ್‌ನಲ್ಲಿ ಇಟ್ಕೊಂಡು ನಾನು ಮಾಡಿದ ಘನಕಾರ್ಯ ಇದು."

ಡೆಸ್ಮಂಡ್ ನಗಲಿಲ್ಲ. ಮೆಲ್ಲಗೆ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಬಾಗಿಲು ಧಡ್ ಎಂದು ತೆರೆಯಿತು. ಟೆಸ್ ಮುಖ ಕೆಂಪೇರಿಸಿಕೊಂಡು ಬಂದಳು. ಹಿಂದೆ ಟೀಚರ್ ನಗುತ್ತ, "ನಾಳೆಯಿಂದ ಬರಲಿ," ಎಂದರು.

"ಅಮ್ಮಾ, ಒಳಗೊಬ್ಬ ಹುಡುಗ ನನ್ನ ಉತ್ತರ ತಪ್ಪು ಅಂದ! ತಪ್ಪಂತೆ! ನಾಳೆ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ ಅವನಿಗೆ!" ಆಮೇಲೆ ಕಣ್ಣು ಕಿರಿದು ಮಾಡಿ, "ನೀವ್ಯಾಕೆ ಕೈ ಹಿಡ್ಕೊಂಡಿದ್ದೀರಾ?"

"ನಿಮ್ಮಮ್ಮನ್ನ ಊಟಕ್ಕೆ ಕರೀತಿದ್ದೆ," ಎಂದ ಡೆಸ್ಮಂಡ್.

"ನಾನೂ ಬರ್ತೀನಿ. ಆದ್ರೆ ಬೇಗ ವಾಪಸ್ ಬಿಡಬೇಕು. ನಾಳೆ ನನಗೆ ಸ್ಕೂಲ್ ಇದೆ."